ಮಗುಚಿದರೂ ನೀರು ಚೆಲ್ಲದ ಬಟ್ಟಲು

ಮೇಜಿನ ಮೇಲೆ ಎರಡು ಬಟ್ಟಲು. ಒಂದು ದಿನಾ ಚಹಾ ಕುಡಿಯುವಂಥದ್ದು. ಇನ್ನೊಂದು ಮಕ್ಕಳ ಬೊಂಬೆ ಆಟಿಕೆಯದ್ದು, ಬೆರಳ ತುದಿಯಲ್ಲಿ ನಿಲ್ಲುವಷ್ಟು ಪುಟ್ಟದು. ಎರಡಕ್ಕೂ ನೀರು ತುಂಬಿ ಮಗುಚಿದರೆ ದೊಡ್ಡದು ಬರಿದಾಗುತ್ತದೆ. ಪುಟ್ಟ ಬಟ್ಟಲಿನ ನೀರು ಮಾತ್ರ ತಲೆಕೆಳಗಾದರೂ ಅಲ್ಲೇ ಅಂಟಿಕೊಂಡಿರುತ್ತದೆ. ಗಾತ್ರ ಕಿರಿದಾದಂತೆ ನೀರಿನ ತೂಕ ಬಹುಬೇಗ ಇಳಿಯುತ್ತದೆ, ಮೇಲ್ಮೈ ಎಳೆತ ಅಷ್ಟು ಬೇಗ ಇಳಿಯುವುದಿಲ್ಲ. ಹಾಗಾಗಿ ಇಲ್ಲಿ ಅದರದೇ ಮೇಲುಗೈ.

ಅಮೆರಿಕದ ವಿಜ್ಞಾನ ಮ್ಯೂಸಿಯಂಗಳು ಜನರಿಗೆ ನ್ಯಾನೋ ತಂತ್ರಜ್ಞಾನವನ್ನು ಪರಿಚಯಿಸಿದ್ದು ಇಂಥ ಪ್ರಯೋಗಗಳಿಂದ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ 2005ರಲ್ಲಿ ‘ನೈಸ್ ನೆಟ್‌ವರ್ಕ್’ ಹುಟ್ಟಿತು. ಬಾಸ್ಟನ್‌ನ ಮ್ಯೂಸಿಯಂ ಆಫ್ ಸೈನ್ಸ್, ಮಿನ್ನೆಸೋಟದ ವಿಜ್ಞಾನ ಮ್ಯೂಸಿಯಂ, ಸ್ಯಾನ್‌ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ಅದರ ಮುಂಚೂಣಿಯಲ್ಲಿದ್ದವು. 2008ರಿಂದ ‘ನ್ಯಾನೋಡೇಸ್’ ಹೆಸರಿನಲ್ಲಿ ಪ್ರಯೋಗ ಸಾಮಗ್ರಿಯ ಪೆಟ್ಟಿಗೆಗಳು ಸಣ್ಣ ಊರುಗಳ ಮ್ಯೂಸಿಯಂಗಳಿಗೂ ಉಚಿತವಾಗಿ ಹೋದವು.

ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಹೀಗೆಂದರೆ ಯಾರ ಮನಸ್ಸಿಗೂ ನಾಟುವುದಿಲ್ಲ. ಅದಕ್ಕೇ ಕೈಗೆ ಕಾಗದದ ಪಟ್ಟಿ, ಕತ್ತರಿ ಕೊಟ್ಟು ಅರ್ಧಕ್ಕರ್ಧ ಕತ್ತರಿಸುತ್ತಾ ಹೋಗಿ ಎನ್ನುತ್ತಾರೆ. ಎಂಟೊಂಬತ್ತು ಸಲಕ್ಕೆ ಕತ್ತರಿ ಸೋಲುತ್ತದೆ. ಪಟ್ಟಿ 20 ಸೆಂಟಿಮೀಟರ್ ಇದ್ದರೆ ನ್ಯಾನೋಮೀಟರ್ ಮುಟ್ಟಲು ಸುಮಾರು 28 ಸಲ ಕತ್ತರಿಸಬೇಕು!

ಈ ಪ್ರಯೋಗಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಫೆರೋಫ್ಲೂಯಿಡ್. ಬಾಟಲಿಯೊಳಗಿನ ಕಪ್ಪು ದ್ರವಕ್ಕೆ ಅಯಸ್ಕಾಂತ ಹಿಡಿದೊಡನೆ ಮೈತುಂಬ ಮುಳ್ಳೇಳುತ್ತವೆ. ತೆಗೆದರೆ ಮತ್ತೆ ನುಣ್ಣಗಿನ ದ್ರವ. ಅದರೊಳಗಿನ ಕಬ್ಬಿಣದ ಆಕ್ಸೈಡ್ ಕಣಗಳು ಬರೀ ಹತ್ತು ನ್ಯಾನೋಮೀಟರ್ ಆಸುಪಾಸಿನವು, ಅದಕ್ಕೇ ತಳಕ್ಕಿಳಿಯದೆ ತೇಲುತ್ತಿರುತ್ತವೆ. ಶೂನ್ಯ ಗುರುತ್ವದಲ್ಲಿ ರಾಕೆಟ್ ಇಂಧನವನ್ನು ಅಯಸ್ಕಾಂತದಿಂದ ಸೆಳೆಯುವ ಉಪಾಯ ಹುಡುಕುತ್ತಾ ನಾಸಾದ ಎಂಜಿನಿಯರ್ ಸ್ಟೀಫನ್ ಪಪೆಲ್ 1963ರಲ್ಲಿ ಇದನ್ನು ರೂಪಿಸಿದರು.

ನೀರು ಅಂಟದ ಎಲೆಯ ಪ್ರಯೋಗಕ್ಕೆ ಆ ಮ್ಯೂಸಿಯಂಗಳವರು ಬಳಸುವುದು ನಸ್ಟರ್ಷಿಯಂ ಗಿಡವನ್ನು. ನಮ್ಮಲ್ಲಿ ತಾವರೆ ಇದೆ, ಹಿತ್ತಲಲ್ಲಿ ಕೆಸುವಿದೆ. ಎಲೆಯ ಮೇಲಿನ ಅತಿ ಸೂಕ್ಷ್ಮ ಮೇಣದ ಉಬ್ಬುಗಳ ನಡುವೆ ಗಾಳಿ ಸಿಕ್ಕಿಕೊಂಡು ಹನಿಯನ್ನು ಎತ್ತಿ ಹಿಡಿಯುತ್ತದೆ.

ನೆಟ್‌ವರ್ಕ್ ಈಗ ಬಾಹ್ಯಾಕಾಶ, ರಸಾಯನ ವಿಜ್ಞಾನದತ್ತ ಹೊರಳಿದೆ. ಆದರೆ ನ್ಯಾನೋ ಪ್ರಯೋಗಗಳ ಕೈಪಿಡಿಗಳು ಇಂಗ್ಲಿಷ್, ಸ್ಪ್ಯಾನಿಷ್‌ಗಳಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮ ವಿಜ್ಞಾನ ಮೇಷ್ಟ್ರುಗಳು ಅವನ್ನು ಕನ್ನಡಕ್ಕೆ ತರಲಿ. ಕೆಸುವಿನ ಎಲೆ, ಕಾಗದ, ಕತ್ತರಿಯ ಪ್ರಯೋಗಗಳನ್ನು ಈ ವರ್ಷವೇ ತರಗತಿಯಲ್ಲಿ ಮಾಡಿಸಲಿ.