ಗೀಸರ್ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತಿದೆಯೇ? ಮುಚ್ಚುವ ಮೊದಲು ಇದನ್ನು ಓದಿ

‘ಗೀಸರ್ ಕೆಳಗಿನ ವಾಲ್ವ್‌ನಿಂದ ನೀರು ಸೋರುತ್ತಿದ್ದರೆ ಎಂ-ಸೀಲ್ ಹಚ್ಚಿ ಮುಚ್ಚಿಬಿಡಿ, ಇಲ್ಲವೇ ಎಂಡ್ ಕ್ಯಾಪ್ ಹಾಕಿಸಿ. ನೀರೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.’ ಇಂಥ ಸಲಹೆ ನಿಮ್ಮ ಮೊಬೈಲ್‌ಗೂ ಬಂದಿರಬಹುದು, ಅಥವಾ ಪಕ್ಕದ ಮನೆಯವರೇ ಹೇಳಿರಬಹುದು. ದಯವಿಟ್ಟು ಪಾಲಿಸಬೇಡಿ, ಬೇರೆಯವರಿಗೆ ಕಳಿಸಲೂಬೇಡಿ. ಆ ದಾರಿಯನ್ನು ಮುಚ್ಚಿದರೆ ಗೀಸರ್ ಸಿಡಿಯುವ ಅಪಾಯವಿದೆ.

(ಇಲ್ಲಿ ಹೇಳುತ್ತಿರುವುದು ನೀರು ತುಂಬಿಸಿಟ್ಟು ಕಾಯಿಸುವ ಕರೆಂಟ್ ಗೀಸರ್ ಬಗ್ಗೆ. ಗ್ಯಾಸ್ ಗೀಸರ್‌ನ ಮುಖ್ಯ ಅಪಾಯ ಕಾರ್ಬನ್ ಮೊನಾಕ್ಸೈಡ್. ಅದು ಬೇರೆಯೇ ವಿಷಯ.)

ಆ ವಾಲ್ವ್ ಏಕೆ ಇದೆ?

ಬಚ್ಚಲು ಮನೆಯ ಹಂಡೆಗೆ ಯಾವ ವಾಲ್ವೂ ಬೇಕಿಲ್ಲ. ಬಾಯಿ ತೆರೆದಿರುವುದರಿಂದ ನೀರು ಹಿಗ್ಗಿದರೂ, ಕುದ್ದರೂ ಆವಿ ಹೊರಗೆ ಹೋಗುತ್ತದೆ. ಗೀಸರ್ ಹಾಗಲ್ಲ, ಅದು ಮುಚ್ಚಿದ ಟ್ಯಾಂಕ್.

ನೀರು ಬಿಸಿಯಾದಂತೆ ಹಿಗ್ಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 25 ಲೀಟರ್ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಸುಮಾರು 380 ಮಿಲಿಲೀಟರ್‌ನಷ್ಟು, ಅಂದರೆ ಹೆಚ್ಚುಕಡಿಮೆ ಎರಡು ಲೋಟದಷ್ಟು ಹೆಚ್ಚಾಗುತ್ತದೆ. ತಣ್ಣೀರು ಒಳಬರುವ ಪೈಪ್‌ನಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯುವ ವ್ಯವಸ್ಥೆ ಇದ್ದರೆ, ಈ ಹೆಚ್ಚುವರಿ ನೀರಿಗೆ ಜಾಗವೇ ಇರುವುದಿಲ್ಲ. ನೀರನ್ನು ಅದುಮಿ ಚಿಕ್ಕದು ಮಾಡುವುದು ಬಹಳ ಕಷ್ಟ. ಹಾಗಾಗಿ ಟ್ಯಾಂಕ್ ಒಳಗೆ ಒತ್ತಡ ಬೇಗನೆ ಏರುತ್ತದೆ. ಒತ್ತಡ ಮಿತಿ ಮುಟ್ಟಿದಾಗ ವಾಲ್ವ್ ತೆರೆದು ಸ್ವಲ್ಪ ನೀರನ್ನು ಹೊರಬಿಡುತ್ತದೆ. ಬಹಳಷ್ಟು ಮಾದರಿಗಳಲ್ಲಿ ಈ ಮಿತಿ 8 ಬಾರ್ ಆಸುಪಾಸು ಇರುತ್ತದೆ.

ಕುಕ್ಕರ್‌ನ ವಿಷಲ್ ಮಾಡುವ ಕೆಲಸವೂ ಇದೇ. ಸದ್ದು ಜಾಸ್ತಿಯಾಯಿತೆಂದು ಯಾರೂ ವಿಷಲ್‌ಗೆ ಎಂ-ಸೀಲ್ ಹಚ್ಚುವುದಿಲ್ಲ.

ಮುಚ್ಚಿದರೆ ಏನಾಗುತ್ತದೆ?

ಮಾಮೂಲಾಗಿ ಥರ್ಮೋಸ್ಟಾಟ್ ತಕ್ಕ ಸಮಯಕ್ಕೆ ಕರೆಂಟ್ ಕಡಿತ ಮಾಡುತ್ತದೆ. ಅದು ಕೆಟ್ಟರೆ ಥರ್ಮಲ್ ಕಟೌಟ್ ಇದೆ. ಅದೂ ಕೈಕೊಟ್ಟರೆ ಕೊನೆಗೆ ಉಳಿಯುವುದು ವಾಲ್ವ್. ಅದನ್ನೂ ಮುಚ್ಚಿಟ್ಟರೆ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ಏಕೆಂದರೆ ಒತ್ತಡ ಹೆಚ್ಚಿದಂತೆ ಕುದಿಯುವ ಬಿಂದುವೂ ಏರುತ್ತದೆ. 8 ಬಾರ್ ಒತ್ತಡದಲ್ಲಿ ಅದು ಸುಮಾರು 175 ಡಿಗ್ರಿ. ಆಗ ಟ್ಯಾಂಕ್ ಬಿರುಕುಬಿಟ್ಟರೆ ನೀರಿನ ಒಂದು ಭಾಗ ಕ್ಷಣದಲ್ಲಿ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರ್‌ಗಿಂತ ಹೆಚ್ಚು ಜಾಗ ಬೇಕು. ಸ್ಫೋಟ ಎಂದರೆ ಇದೇ.

ತೊಂದರೆ ಎಲ್ಲಿದೆ? ಹೀಗೆ ಗುರುತಿಸಿ

1. ಕಾಯುವಾಗ ಮಾತ್ರ ತೊಟ್ಟಿಕ್ಕುತ್ತದೆ, ಆಮೇಲೆ ನಿಲ್ಲುತ್ತದೆ: ಇದು ತೊಂದರೆಯಲ್ಲ. ವಾಲ್ವ್ ತನ್ನ ಕೆಲಸ ಮಾಡುತ್ತಿದೆ. ಅದರ ಬಾಯಿಗೆ ಒಂದು ಸಣ್ಣ ಪೈಪ್ ಜೋಡಿಸಿ ನೀರು ನೆಲದ ಜಾಲರಿ ಕಡೆ ಹೋಗುವಂತೆ ಮಾಡಿ. ಪೈಪ್‌ನ ತುದಿ ತೆರೆದೇ ಇರಲಿ.

2. ಗೀಸರ್ ಆಫ್ ಇದ್ದು, ನೀರು ತಣ್ಣಗಿದ್ದರೂ ಸೋರುತ್ತದೆ: ಎರಡು ಕಾರಣ ಇರಬಹುದು. ಪ್ರೆಷರ್ ಪಂಪ್ ಓಡುವಾಗ ಮಾತ್ರ ಸೋರಿದರೆ ನೀರಿನ ಒತ್ತಡವೇ ಹೆಚ್ಚಾಗಿದೆ ಎಂದರ್ಥ. ಎತ್ತರದ ಅಪಾರ್ಟ್‌ಮೆಂಟ್‌ಗಳ ಕೆಳ ಮಹಡಿಗಳಲ್ಲೂ ಹೀಗಾಗಬಹುದು. ಓವರ್‌ಹೆಡ್ ಟ್ಯಾಂಕ್ ಪ್ರತಿ 10 ಮೀಟರ್ ಮೇಲಿದ್ದಷ್ಟೂ ಒತ್ತಡ ಸುಮಾರು 1 ಬಾರ್ ಹೆಚ್ಚುತ್ತದೆ. ಒತ್ತಡ ಇಳಿಸುವ ವಾಲ್ವ್ ಹಾಕಿಸುವುದು ಪರಿಹಾರ. ದಿನವಿಡೀ ಒಂದೇ ಸಮ ಸೋರಿದರೆ, ವಾಲ್ವ್ ಒಳಗೆ ಮರಳು ಅಥವಾ ಸುಣ್ಣದ ಪದರ ಸಿಕ್ಕಿಕೊಂಡಿರಬಹುದು. ಬೋರ್‌ವೆಲ್‌ನ ಗಡಸು ನೀರು ಬರುವ ಮನೆಗಳಲ್ಲಿ ಇದು ಸಾಮಾನ್ಯ. ಸ್ವಚ್ಛ ಮಾಡಿದರೂ ನಿಲ್ಲದಿದ್ದರೆ ವಾಲ್ವ್ ಬದಲಿಸಬೇಕು.

3. ಕುದಿ ನೀರು ಅಥವಾ ಆವಿ ನುಗ್ಗಿ ಬರುತ್ತದೆ: ಇಲ್ಲಿ ಕೆಟ್ಟಿರುವುದು ಬಹುಶಃ ಥರ್ಮೋಸ್ಟಾಟ್. ಮೇನ್ ಸ್ವಿಚ್ ಆಫ್ ಮಾಡಿ, ಬಚ್ಚಲಿನಿಂದ ಹೊರಬನ್ನಿ. ಬಿಸಿನೀರಿನ ನಲ್ಲಿ ತಿರುಗಿಸಬೇಡಿ, ಸುಟ್ಟಗಾಯವಾಗಬಹುದು. ಟೆಕ್ನಿಷಿಯನ್ ನೋಡುವವರೆಗೆ ಮತ್ತೆ ಆನ್ ಮಾಡಬೇಡಿ.

4. ಯಾವತ್ತೂ ಒಂದು ಹನಿಯೂ ಬಿದ್ದಿಲ್ಲ: ಹಿಗ್ಗಿದ ನೀರು ಮೇಲಿನ ಟ್ಯಾಂಕ್‌ಗೆ ವಾಪಸ್ ಹೋಗುವ ವ್ಯವಸ್ಥೆ ಇದ್ದರೆ ಇದು ಸರಿಯೇ. ಆದರೆ ವಾಲ್ವ್ ಜಾಮ್ ಆಗಿದ್ದರೂ ಹನಿ ಬೀಳುವುದಿಲ್ಲ. ಅದರಲ್ಲಿ ಪುಟ್ಟ ಲಿವರ್ ಇದ್ದರೆ, ಗೀಸರ್ ಆಫ್ ಮಾಡಿ ನೀರು ಆರಿದ ಮೇಲೆ ಲಿವರ್ ಎತ್ತಿ ನೋಡಿ. ನೀರು ಬಾರದಿದ್ದರೆ ಕೂಡಲೇ ಬದಲಿಸಿ. ಸೋರುವ ವಾಲ್ವ್‌ಗಿಂತ ಜಾಮ್ ಆದ ವಾಲ್ವ್ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಕೆಟ್ಟಿರುವುದು ಹೊರಗೆ ಕಾಣುವುದೇ ಇಲ್ಲ.

ಪ್ಲಂಬರ್ ಬಂದಾಗ ಗಮನಿಸಿ

ಸೋರುವ ವಾಲ್ವ್ ತೆಗೆದು ಅದರ ಜಾಗಕ್ಕೆ ಬರೀ ನಾನ್-ರಿಟರ್ನ್ ವಾಲ್ವ್ ಹಾಕಿ ಹೋಗಲು ಬಿಡಬೇಡಿ. ಅದು ನೀರು ಹಿಂದಕ್ಕೆ ಹೋಗುವುದನ್ನು ತಡೆಯುತ್ತದೆಯೇ ಹೊರತು ಒತ್ತಡವನ್ನು ಹೊರಬಿಡುವುದಿಲ್ಲ. ಹಾಗೆಯೇ ಟ್ಯಾಂಕ್ ಮತ್ತು ಸೇಫ್ಟಿ ವಾಲ್ವ್ ನಡುವೆ ಗೇಟ್ ವಾಲ್ವ್ ಇರಕೂಡದು. ಯಾರಾದರೂ ಅದನ್ನು ತಿರುಗಿಸಿ ಬಂದ್ ಮಾಡಿದರೆ ಸೇಫ್ಟಿ ವಾಲ್ವ್ ಇದ್ದೂ ಇಲ್ಲದಂತೆ. ಹೊಸ ವಾಲ್ವ್ ಮೇಲಿನ ಬಾರ್ ಸಂಖ್ಯೆ ಗೀಸರ್ ಲೇಬಲ್‌ನಲ್ಲಿರುವ ಸಂಖ್ಯೆಗಿಂತ ಹೆಚ್ಚಿರಬಾರದು.

ಸಾರಾಂಶ

ವಾಲ್ವ್ ಮುಚ್ಚಿ ಎಂಬ ಸಲಹೆ ತಪ್ಪು ಮತ್ತು ಅಪಾಯಕಾರಿ. ಫ್ಯಾಮಿಲಿ ಗ್ರೂಪ್‌ನಲ್ಲಿ ಏನಾದರೂ ಕಳಿಸಲೇಬೇಕಿದ್ದರೆ ಇಷ್ಟು ಕಳಿಸಿ: ‘ಕಾಯುವಾಗ ಹನಿ ಬಿದ್ದರೆ ಹೆದರಬೇಡಿ. ಸದಾ ಸೋರಿದರೆ ರಿಪೇರಿ ಮಾಡಿಸಿ. ಆವಿ ಬಂದರೆ ಸ್ವಿಚ್ ಆಫ್ ಮಾಡಿ ದೂರ ಹೋಗಿ. ಯಾವ ಕಾರಣಕ್ಕೂ ವಾಲ್ವ್ ಮುಚ್ಚಬೇಡಿ.’