ಗುಟ್ಟು ಕಾಯುವುದೂ ಚಿಕಿತ್ಸೆಯೇ

ಕಳಸದಲ್ಲಿ ಬೆಳಗಿನ ಬಸ್ಸಿಗೆ ಕಾದು ನಿಂತವರನ್ನು ‘ಎಲ್ಲಿಗೆ ಹೊರಟ್ರಿ?’ ಎಂದು ಕೇಳುವುದು ಮಲೆನಾಡಿನ ಸೌಜನ್ಯ. ಆಸ್ಪತ್ರೆಗೆ ಎಂದರೆ ‘ಏನಾಗಿದೆ?’ ಎಂಬ ಎರಡನೆಯ ಪ್ರಶ್ನೆ ಬಂದೇ ಬರುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು ಎಂದು ಹೇಳಲು ಯಾರೂ ಹಿಂಜರಿಯುವುದಿಲ್ಲ. ಆದರೆ ಕೊಟ್ಟಿಗೆಹಾರ, ಮೂಡಿಗೆರೆ ದಾಟಿ ತೊಂಬತ್ತು ಕಿ.ಮೀ. ಆಸುಪಾಸಿನ ಚಿಕ್ಕಮಗಳೂರಿಗೆ ಎಚ್‌ಐವಿ ಸೋಂಕಿನ ಮಾತ್ರೆ ತರಲು ಹೊರಟವರಿಗೆ ಈ ಸೌಜನ್ಯವೇ ಸಂಕಟ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಇದೊಂದು ರೋಗಕ್ಕೆ ಸುಳ್ಳು ಹೇಳಲೇಬೇಕಾಗುತ್ತದೆ.

ಮಲೆನಾಡಿಗೆ ರೋಗಭಯ ಹೊಸದೇನಲ್ಲ. ಮಲೇರಿಯಾ ಒಂದು ಕಾಲದಲ್ಲಿ ಇಲ್ಲಿಯ ಊರೂರನ್ನೇ ಬರಿದು ಮಾಡಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯಲ್ಲಿ ಜೀವ ತೆಗೆಯುತ್ತದೆ. ಇವು ಬಂದವರನ್ನು ಊರು ಅಯ್ಯೋ ಎಂದಿತೇ ಹೊರತು ‘ಏನು ಮಾಡಿ ಬಂದೆ?’ ಎಂದು ಕೇಳಲಿಲ್ಲ. ಏಡ್ಸ್ ವಿಷಯದಲ್ಲಿ ಮೊದಲು ಬಂದದ್ದೇ ಆ ಪ್ರಶ್ನೆ.

ಮದರಾಸಿನಿಂದ ಬಂದ ಸುದ್ದಿ

ಅಮೆರಿಕದಲ್ಲಿ ಏಡ್ಸ್ ವರದಿಯಾದದ್ದು 1981ರಲ್ಲಿ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿ ಸಂಗ್ರಹಿಸಿ, ಪರೀಕ್ಷೆಗೆ ವೆಲ್ಲೂರಿಗೆ ಒಯ್ದಿದ್ದರು. ಆ ಶೋಧ ವಿಜ್ಞಾನಕ್ಕೆ ದೊಡ್ಡದು. ಆದರೆ ‘ಇದು ಅಂಥವರಿಗೆ ಬರುವ ರೋಗ’ ಎಂಬ ತೀರ್ಮಾನವನ್ನು ಸಮಾಜ ಅಂದೇ ಮಾಡಿಕೊಂಡಿತು. ಗಂಡನಿಂದ ಸೋಂಕು ತಗುಲಿದ ಹೆಂಡತಿ, ತಾಯಿಯಿಂದ ಪಡೆದ ಮಗು, ರಕ್ತ ಹಾಕಿಸಿಕೊಂಡ ರೋಗಿ, ಎಲ್ಲರಿಗೂ ಅದೇ ಹಣೆಪಟ್ಟಿ ಬಿತ್ತು.

1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ರೂಪುಗೊಂಡಿತು. ರಾಜ್ಯದಲ್ಲಿ ಏಡ್ಸ್ ಪ್ರಿವೆನ್ಷನ್ ಸೊಸೈಟಿ 1997ರಲ್ಲಿ ಆರಂಭವಾಯಿತು. ಆ ವರ್ಷಗಳ ಗೋಡೆಬರಹಗಳಲ್ಲಿ ಎಚ್ಚರಿಕೆಗಿಂತ ಹೆದರಿಕೆಯೇ ಹೆಚ್ಚಿತ್ತು. ಏಡ್ಸ್ ಎಂದರೆ ಸಾವು ಎಂದು ಜನ ಚೆನ್ನಾಗಿ ಕಲಿತರು. ಮುಂದೆ ಔಷಧ ಬಂದಿತು ಎಂಬ ಪಾಠ ಅಷ್ಟೇ ಚೆನ್ನಾಗಿ ಮನೆಮನೆಗೆ ತಲುಪಲಿಲ್ಲ.

ಮಾತ್ರೆ ಏನು ಮಾಡುತ್ತದೆ?

ಎಚ್‌ಐವಿ ಎಂಬುದು ವೈರಾಣು. ಏಡ್ಸ್ ಎಂಬುದು ಅದರಿಂದ ದೇಹ ತಲುಪುವ ಕೊನೆಯ ಘಟ್ಟ. ರಕ್ತದಲ್ಲಿ ಸಿಡಿ4 ಎಂಬ ಜೀವಕೋಶಗಳು ರೋಗ ಬಂದಾಗ ದೇಹದ ಕಾವಲುಪಡೆಯನ್ನು ಎಚ್ಚರಿಸುತ್ತವೆ. ವೈರಾಣು ನೇರವಾಗಿ ಇವುಗಳನ್ನೇ ಹೊಕ್ಕು, ಅಲ್ಲಿಯೇ ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ವರ್ಷಗಳ ಕಾಲ ಮನುಷ್ಯ ಆರೋಗ್ಯವಾಗಿಯೇ ಕಾಣಬಹುದು. ಕಾವಲು ಕುಸಿದ ಮೇಲೆ ಕ್ಷಯದಂಥ ರೋಗಗಳು ಒಳನುಗ್ಗುತ್ತವೆ.

ಎಆರ್‌ಟಿ ಎಂದು ಕರೆಯುವ ಔಷಧಗಳು ವೈರಾಣು ಪ್ರತಿ ಮಾಡಿಕೊಳ್ಳುವುದನ್ನು ತಡೆಯುತ್ತವೆ. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಈ ವಿಧಾನ 1996ರಲ್ಲಿ ಬಂದಾಗ ಶ್ರೀಮಂತ ದೇಶಗಳಿಗೆ ಮಾತ್ರ ಎಟುಕುವ ಬೆಲೆಯಲ್ಲಿತ್ತು. 2001ರಲ್ಲಿ ಭಾರತದ ಸಿಪ್ಲಾ ಕಂಪನಿ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ದರದಲ್ಲಿ ಇವನ್ನು ಕೊಡಲು ಮುಂದಾಯಿತು. 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿತು. ಮೊದಲ ಎಂಟು ಆಸ್ಪತ್ರೆಗಳಲ್ಲಿ ಬೆಂಗಳೂರಿನ ಬೌರಿಂಗ್ ಒಂದು. ಮುಂದೆ ಈ ಕೇಂದ್ರಗಳು ಜಿಲ್ಲಾ ಆಸ್ಪತ್ರೆಗಳಿಗೂ ಬಂದವು. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿ ಜಾರಿಗೆ ಬಂತು.

ಇಂದು ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ ಸಾಕು. ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಆ ಮಟ್ಟದಲ್ಲಿ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ ಎಂಬುದು ಈಗ ದೃಢಪಟ್ಟ ಸಂಗತಿ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗುಲುವ ಸಾಧ್ಯತೆ ನೂರಕ್ಕೆ 15ರಿಂದ 45. ಚಿಕಿತ್ಸೆ ಸಿಕ್ಕರೆ 5ಕ್ಕಿಂತ ಕೆಳಗೆ. ಆದರೆ ಷರತ್ತು ಒಂದೇ: ಮಾತ್ರೆ ತಪ್ಪಬಾರದು. ಆಗಾಗ ಬಿಟ್ಟರೆ ವೈರಾಣು ಔಷಧಕ್ಕೆ ಬಗ್ಗದಂತಾಗುತ್ತದೆ.

ಲೈನ್ ಮನೆಯ ಗೋಡೆ

ಕಾಫಿ ಸೀಮೆಯಲ್ಲಿ ಮಾತ್ರೆ ತಪ್ಪದಿರುವುದು ಹೇಳಿದಷ್ಟು ಸುಲಭವಲ್ಲ. ತೋಟದ ಕೂಲಿ ಲೈನಿನಲ್ಲಿ ಒಂದು ಗೋಡೆಗೆ ಎರಡು ಮನೆ. ಒಂದು ಮನೆಯ ಕೆಮ್ಮು ಇನ್ನೊಂದಕ್ಕೆ ಕೇಳುತ್ತದೆ. ದಿನವೂ ಮಾತ್ರೆ ನುಂಗುವವರನ್ನು ‘ಯಾತಕ್ಕೆ?’ ಎಂದು ಕೇಳದವರಿಲ್ಲ. ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಮೇಸ್ತ್ರಿಗೆ, ರೈಟರಿಗೆ ಕಾರಣ ಹೇಳಬೇಕು. ಮಳೆಗಾಲದಲ್ಲಿ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿನ ಕಡೆಯವರಿಗೆ ಕಳಸದ ನೇರ ದಾರಿಯೇ ಇಲ್ಲ. 2019ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮೂಡಿಗೆರೆ ತಾಲ್ಲೂಕಿನ ಎಷ್ಟೋ ಊರುಗಳ ರಸ್ತೆ ಕಡಿದುಹೋಗಿತ್ತು.

ಕೊಯ್ಲಿಗೆ ಬರುವವರ ಪಾಡು ಇನ್ನೂ ಬೇರೆ. ಅರೇಬಿಕಾ ಹಣ್ಣಾಗುವ ನವೆಂಬರ್‌ನಿಂದ ರೊಬಸ್ಟಾ ಮುಗಿಯುವ ಮಾರ್ಚ್‌ವರೆಗೆ ಉತ್ತರ ಕರ್ನಾಟಕ, ತಮಿಳುನಾಡು, ಈಚೆಗೆ ಅಸ್ಸಾಮಿನಿಂದಲೂ ಕಾರ್ಮಿಕರು ಬರುತ್ತಾರೆ. ಇವರಲ್ಲಿ ಚಿಕಿತ್ಸೆಯಲ್ಲಿರುವವರು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗ ಪಡೆಯಲು ಅವಕಾಶವಿದೆ. ಕೆಲವು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡುವ ಪದ್ಧತಿಯೂ ಇದೆ. ಆದರೆ ಅದನ್ನು ಕೇಳಬೇಕಾದರೆ ಮೊದಲು ಬಾಯಿ ಬಿಡಬೇಕು. ‘ಹೊರಗಿನವರು ತಂದ ರೋಗ’ ಎಂದು ಊರು ಬೆರಳು ತೋರಿಸುವಾಗ ಬಾಯಿ ಬಿಡುವವರು ಯಾರು?

ಗೋಪ್ಯತೆ ಎಂಬುದು ಇಲ್ಲಿ ಚಿಕಿತ್ಸೆಯ ಭಾಗವೇ ಆಗಿಬಿಡುವುದು ಹೀಗೆ. ಗುಟ್ಟು ಒಡೆಯುವ ಭಯವಿರುವವರು ಪರೀಕ್ಷೆಗೆ ಬರುವುದಿಲ್ಲ. ಬಂದವರು ಮಾತ್ರೆ ಮುಂದುವರಿಸುವುದಿಲ್ಲ. ಅದರ ಫಲವನ್ನು ಅವರೂ ಉಣ್ಣುತ್ತಾರೆ, ಅವರ ಸಂಗಾತಿಯೂ ಉಣ್ಣಬೇಕಾಗುತ್ತದೆ.

ಯಾರ ಹಕ್ಕು ದೊಡ್ಡದು?

ಹಾಗಾದರೆ ಗುಟ್ಟಿಗೆ ಮಿತಿಯೇ ಇಲ್ಲವೇ? ಮದುವೆ ನಿಶ್ಚಯವಾದ ಹೆಣ್ಣಿಗೆ ವರನ ಸೋಂಕಿನ ವಿಷಯ ತಿಳಿಯುವ ಹಕ್ಕಿಲ್ಲವೇ? ಈ ಪ್ರಶ್ನೆ 1998ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ರಕ್ತ ಕೊಡಲು ಹೋಗಿದ್ದ ವ್ಯಕ್ತಿಯೊಬ್ಬರಿಗೆ ಸೋಂಕಿರುವುದು ಆಸ್ಪತ್ರೆಯಲ್ಲಿ ತಿಳಿಯಿತು. ವಿಷಯ ಹೊರಬಿದ್ದು ಅವರ ಮದುವೆ ಮುರಿಯಿತು. ಸಮುದಾಯವೂ ಅವರನ್ನು ದೂರವಿಟ್ಟಿತು. ಅವರು ಆಸ್ಪತ್ರೆಯ ವಿರುದ್ಧ ದೂರಿದರು. ಭಾವೀ ಪತ್ನಿಯ ಜೀವದ ಹಕ್ಕು ಗೋಪ್ಯತೆಗಿಂತ ದೊಡ್ಡದು ಎಂದು ನ್ಯಾಯಾಲಯ ಹೇಳಿತು. ಆದರೆ ಸೋಂಕಿತರ ಮದುವೆಯ ಹಕ್ಕಿನ ಬಗ್ಗೆಯೂ ಅದು ಆಡಿದ ಮಾತುಗಳು ತೀವ್ರ ಚರ್ಚೆಗೆ ಒಳಗಾದವು. ಆ ಮಾತುಗಳು ಅಂದಿನ ಪ್ರಕರಣಕ್ಕೆ ಅಗತ್ಯವಿರಲಿಲ್ಲ ಎಂದು 2002ರಲ್ಲಿ ನ್ಯಾಯಾಲಯವೇ ಹೇಳಿತು.

2017ರಲ್ಲಿ ಸಂಸತ್ತು ಒಪ್ಪಿ, 2018ರ ಸೆಪ್ಟೆಂಬರ್ 10ರಿಂದ ಜಾರಿಯಾದ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ಈ ಇಕ್ಕಟ್ಟಿಗೆ ಒಂದು ದಾರಿ ಹಾಕಿಕೊಟ್ಟಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಕೆಲಸ ಕೊಡಲು ಪರೀಕ್ಷೆಯ ಷರತ್ತು ಹಾಕುವಂತಿಲ್ಲ. ಸಂಗಾತಿಗೆ ನಿಜವಾದ ಅಪಾಯವಿದ್ದು, ತಿಳಿಹೇಳಿದರೂ ಸೋಂಕಿತರು ತಾವಾಗಿ ಹೇಳುವುದಿಲ್ಲ ಎನಿಸಿದರೆ, ಅವರಿಗೆ ಮುಂಚಿತವಾಗಿ ತಿಳಿಸಿ ವೈದ್ಯರು ಅಥವಾ ಆಪ್ತಸಮಾಲೋಚಕರು ಸಂಗಾತಿಗೆ ವಿಷಯ ತಿಳಿಸಬಹುದು. ಅದರಿಂದ ಹಿಂಸೆಗೋ ಪರಿತ್ಯಾಗಕ್ಕೋ ದಾರಿಯಾದೀತು ಎಂಬ ಶಂಕೆಯಿದ್ದರೆ, ವಿಶೇಷವಾಗಿ ಸೋಂಕಿತರು ಹೆಂಗಸಾಗಿದ್ದರೆ, ತಿಳಿಸುವಂತಿಲ್ಲ. ಗಂಡ ತೀರಿಕೊಂಡ ಮೇಲೆ ‘ನಿನ್ನಿಂದಲೇ ಬಂತು’ ಎಂದು ಸೊಸೆಯನ್ನು ಹೊರಹಾಕಿದ ಮನೆಗಳು ಇರುವ ದೇಶದಲ್ಲಿ ಈ ಎಚ್ಚರ ಬೇಕಾದದ್ದೇ.

ನೂರು ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಗಳಲ್ಲಿ ದೂರು ಕೇಳುವ ಅಧಿಕಾರಿಯೊಬ್ಬರು ಇರಬೇಕು ಎಂದೂ ಕಾಯಿದೆ ಹೇಳುತ್ತದೆ. ದೊಡ್ಡ ತೋಟಗಳೂ ಈ ಲೆಕ್ಕಕ್ಕೆ ಬರುತ್ತವೆ. ಲೈನಿನ ಕೊನೆಯ ಮನೆಯವರಿಗೆ ಇದು ಗೊತ್ತಿದೆಯೇ ಎಂಬುದು ಬೇರೆ ಮಾತು.

ದೇಶದಲ್ಲಿ ಇಂದು ಸುಮಾರು 25 ಲಕ್ಷ ಮಂದಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಅವರಿಗೆ ಮಾತ್ರೆ ಕೊಡುವುದು ಸರ್ಕಾರದ ಕೆಲಸ. 1097 ಎಂಬ ಉಚಿತ ದೂರವಾಣಿಗೆ ಕರೆ ಮಾಡಿ ಹೆಸರು ಹೇಳದೆಯೇ ಸಲಹೆ ಕೇಳಬಹುದು. ಉಳಿದದ್ದು ಊರಿನ ಕೆಲಸ. ಒಟ್ಟಿಗೆ ಉಂಡರೆ, ಒಂದೇ ಲೋಟದಲ್ಲಿ ಕಾಫಿ ಕುಡಿದರೆ, ಪಕ್ಕದಲ್ಲಿ ನಿಂತು ಹಣ್ಣು ಕಿತ್ತರೆ ಈ ಸೋಂಕು ಬರುವುದಿಲ್ಲ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಗೊತ್ತಿರುವಂತೆ ನಡೆದುಕೊಳ್ಳುವುದು ಬಾಕಿ ಇದೆ. ‘ಎಲ್ಲಿಗೆ ಹೊರಟ್ರಿ?’ ಎಂಬ ಪ್ರಶ್ನೆಗೆ ‘ಮಾತ್ರೆ ತರೋಕೆ’ ಎಂದು ಒಬ್ಬರು ಹೇಳಿ, ಅಲ್ಲಿಗೆ ಮಾತು ಮಳೆಯ ಕಡೆಗೋ ಕಾಫಿ ರೇಟಿನ ಕಡೆಗೋ ಹೊರಳುವ ದಿನ ಬರುವವರೆಗೆ, ಅವರ ಗುಟ್ಟನ್ನು ಕಾಯುವ ಹೊಣೆ ಉಳಿದವರದು.