ಮೂಲೆಗೆ ಫೂಲ ಬಿದ್ದರೇ ಕೌದಿ

ಮಲೆನಾಡಿನ ಸೋಂದಾದ ಮಳೆಗಾಲಕ್ಕೆ ಹೊದಿಕೆ ಎರಡು: ಹೊರಗೆ ಕಂಬಳಿ, ಒಳಗೆ ಕೌದಿ. ಜಡಿಮಳೆಯಲ್ಲಿ ಅಡಿಕೆ ತೋಟಕ್ಕೆ ಇಳಿಯುವವರು ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದ ಜಾಗಕ್ಕೆ ಈಗ ಪ್ಲಾಸ್ಟಿಕ್ ಬಂದಿದೆ. ಆ ಕಂಬಳಿಯಾದರೂ ಊರಿನದ್ದಲ್ಲ. ಉಣ್ಣೆ ಬಯಲುಸೀಮೆಯ ಕುರಿಗಳದ್ದು, ನೇಯ್ಗೆ ಕುರುಬರದ್ದು, ಬಿಗಿಯಾಗಲೆಂದು ಹಾಕುವ ಗಂಜಿ ಹುಣಸೆ ಬೀಜದ್ದು. ಮಲೆನಾಡಿನವರು ಅದನ್ನು ಕೊಂಡೇ ತರಬೇಕು. ಕೌದಿ ಹಾಗಲ್ಲ, ಅದಕ್ಕೆ ಬೇಕಾದದ್ದೆಲ್ಲ ಮನೆಯ ಟ್ರಂಕಿನಲ್ಲೇ ಇರುತ್ತದೆ. ಸೆರಗು ಹರಿದ ಸೀರೆ, ಕಂಕುಳು ಪಿಸಿದ ರವಿಕೆ, ಮಕ್ಕಳಿಗೆ ಗಿಡ್ಡವಾದ ಶಾಲೆ ಅಂಗಿ, ಒಂದು ಸೂಜಿ, ಒಂದು ಉಂಡೆ ದಾರ.

ಹಳೆ ಬಟ್ಟೆಯ ಕೌದಿ ಉತ್ತರ ಕರ್ನಾಟಕದಲ್ಲೆಲ್ಲ ಇದೆ. ಆದರೆ ಸೋಂದಾದಿಂದ ಯಲ್ಲಾಪುರದ ಕಡೆ ಹೊರಟು ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿ ಕೇರಿಗಳಿಗೆ ಹೋದರೆ ಅದರ ಬಣ್ಣವೇ ಬೇರೆ. ಸಿದ್ದಿಯರ ಪೂರ್ವಿಕರು ಆಫ್ರಿಕಾದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಬಂದವರು ಈ ಘಟ್ಟದ ಕಾಡಿನಲ್ಲಿ ನೆಲೆ ನಿಂತರು. ಇಂದು ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಕೌದಿ ಮೂವರ ಮನೆಯಲ್ಲೂ ಇದೆ, ಹೊಲಿಯುವವರು ಹೆಂಗಸರು. ಕೆಲವು ಕ್ರೈಸ್ತ ಮನೆಗಳ ಕೌದಿಯಲ್ಲಿ ಶಿಲುಬೆ ಕಾಣುತ್ತದೆ, ಮುಸ್ಲಿಂ ಮನೆಗಳದ್ದರಲ್ಲಿ ಅರ್ಧಚಂದ್ರ. ಹೊಲಿಗೆಯ ಬಗೆ ಮಾತ್ರ ಒಂದೇ.

ಆ ಬಗೆಯನ್ನು ಹತ್ತಿರದಿಂದ ನೋಡಬೇಕು. ಅಡಿಗೆ ಒಂದು ಹಳೆ ಸೀರೆ ಹಾಸುತ್ತಾರೆ. ಮೇಲಿನ ತುಂಡುಗಳಿಗೆ ನಕ್ಷೆ ಬರೆದುಕೊಳ್ಳುವುದಿಲ್ಲ, ಗುರುತು ಹಾಕುವುದಿಲ್ಲ. ಮೂಲೆಯಲ್ಲಿ ಒಂದು ತುಂಡಿಟ್ಟು, ಅಂಚು ಒಳಗೆ ಮಡಚಿ, ಹೊಲಿಗೆ ಶುರು ಮಾಡುತ್ತಾರೆ. ಮೇಲೊಮ್ಮೆ ಕೆಳಗೊಮ್ಮೆ ಓಡುವ ಸರಳ ಹೊಲಿಗೆ. ಅದು ಅಂಚಿನ ಗುಂಟ ನಾಲ್ಕೂ ಮೂಲೆ ಸುತ್ತಿ ಬರುತ್ತದೆ, ಅದರ ಪಕ್ಕದಲ್ಲೇ ಇನ್ನೊಂದು ಸುತ್ತು, ಅದರೊಳಗೆ ಮತ್ತೊಂದು. ದೇವಸ್ಥಾನದ ಪ್ರದಕ್ಷಿಣೆ ಒಳಒಳಗೆ ಸಾಗಿದಂತೆ ಸೂಜಿ ನಡುವಿಗೆ ಬಂದು ನಿಲ್ಲುತ್ತದೆ. ಎದುರಿಗೆ ಸಿಕ್ಕ ಖಾಲಿ ಜಾಗಕ್ಕೆ ಆಗ ಕೈಗೆ ಬಂದ ತುಂಡು. ಕೆಂಪಿನ ಪಕ್ಕಕ್ಕೆ ಹಸಿರೋ ಹಳದಿಯೋ ಎಂಬುದು ಆ ಹೊತ್ತಿನ ತೀರ್ಮಾನ.

ಮುಗಿದ ಕೌದಿಯನ್ನು ಮಗುಚಿ ನೋಡಿ. ಹಿಂಭಾಗದಲ್ಲಿ ತುಂಡುಗಳಿಲ್ಲ, ಒಂದೇ ಸೀರೆ, ಅದರ ಮೇಲೆ ಚೌಕದೊಳಗೆ ಚೌಕವಾಗಿ ಬರೀ ಹೊಲಿಗೆಯ ಸಾಲು. ಎಲ್ಲಿ ಕೈ ನಿಧಾನಿಸಿತು, ಎಲ್ಲಿ ಅವಸರ ಮಾಡಿತು ಎಂಬುದೆಲ್ಲ ಅಲ್ಲಿ ಬಯಲು.

ಕೊನೆಯದು ಫೂಲ. ಬಟ್ಟೆಯ ಚೂರುಗಳನ್ನು ತ್ರಿಕೋನವಾಗಿ ಮಡಚಿ, ಒಂದರ ಮೇಲೊಂದು ಪೇರಿಸಿ ನಾಲ್ಕು ಮೂಲೆಗೂ ಹೊಲಿಯುತ್ತಾರೆ. ಕೊಂಕಣಿ ಬೆರೆತ ಸಿದ್ದಿಯರ ಮಾತಿನಲ್ಲಿ ಫೂಲ ಎಂದರೆ ಹೂವು. ಹೊದೆಯುವವರಿಗೆ ಅದರಿಂದ ಒಂದಿಷ್ಟೂ ಹೆಚ್ಚು ಬೆಚ್ಚಗಾಗುವುದಿಲ್ಲ. ಆದರೂ ಫೂಲವಿಲ್ಲದ ಕೌದಿ ಬತ್ತಲೆ ಎಂಬುದು ಹೊಲಿಯುವವರ ಲೆಕ್ಕ.

ಈ ಕೆಲಸವನ್ನು ಹೊರಲೋಕಕ್ಕೆ ಪರಿಚಯಿಸಿದವರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಮುಖ್ಯರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಗುಂಪು ಕಟ್ಟಲು ಅವರು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ನೆಲದ ಮೇಲೆ ಹಾಸುವ ವಸ್ತು ಗೋಡೆ ಏರಿತು.

ಗೋಡೆಗೆ ಏರಿದರೂ ಕೌದಿಯ ಗುಣ ಇರುವುದು ಸವೆದ ಬಟ್ಟೆಯಲ್ಲೇ. ನೂರು ಬಾರಿ ಒಗೆದ ಹತ್ತಿ ಬಟ್ಟೆ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ, ಸೂಜಿಗೆ ಅಡ್ಡಿ ಮಾಡುವುದಿಲ್ಲ, ಮೈಗೆ ಚುಚ್ಚುವುದಿಲ್ಲ. ಅಂಗಡಿಯ ಹೊಸ ಬಟ್ಟೆಗೆ ಗಂಜಿಯ ಬಿಗುವು. ಮೊದಲ ಒಗೆತಕ್ಕೇ ಒಂದು ತುಂಡು ಕುಗ್ಗಿ, ಇನ್ನೊಂದು ಕುಗ್ಗದೆ, ಕೌದಿ ಮುದುರಿಕೊಳ್ಳುತ್ತದೆ. ಹೊಸದನ್ನೇ ಬೇಡುವ ಪೇಟೆಯ ಗಿರಾಕಿಗೆ ಇದನ್ನು ತಿಳಿಹೇಳುವುದು ಕಷ್ಟ.

ಮನೆಯಲ್ಲಿ ಮಾಡಿ ನೋಡುವ ಆಸೆಯಿದ್ದರೆ ತೊಟ್ಟಿಲ ಕೌದಿಯಿಂದ ಶುರು ಮಾಡಿ. ಎರಡು ಹಳೆ ಹತ್ತಿ ಸೀರೆ ಸಾಕು: ಒಂದನ್ನು ಮಡಚಿ ಅಡಿಗೆ ಹಾಸಿ, ಇನ್ನೊಂದರ ತುಂಡುಗಳನ್ನು ಮೇಲಕ್ಕೆ ಇಡಿ. ಪಾಲಿಯೆಸ್ಟರ್ ಬೇಡ, ಜಾರುತ್ತದೆ. ದಾರವನ್ನು ಜೋಡಿಯಾಗಿ ಪೋಣಿಸಿ, ಸಾಲಿನಿಂದ ಸಾಲಿಗೆ ಒಂದು ಬೆರಳಿನಗಲ ಬಿಡಿ. ಸಾಲು ಸೊಟ್ಟಗಾಯಿತೆಂದು ಬಿಚ್ಚಲು ಹೋಗಬೇಡಿ. ಮುಂದಿನ ಸುತ್ತು ಅದನ್ನೇ ಅನುಸರಿಸಿ ತನ್ನ ದಾರಿ ಮಾಡಿಕೊಳ್ಳುತ್ತದೆ. ಸೂಜಿ ನಡುವಿಗೆ ಬಂದಾಗ ಕೆಲಸ ಮುಗಿಯಿತು ಅನಿಸುತ್ತದೆ. ಆಗ ಎದ್ದುಬಿಡಬೇಡಿ. ಉಳಿದ ಚೂರುಗಳನ್ನು ಆರಿಸಿ ತ್ರಿಕೋನವಾಗಿ ಮಡಚಿಕೊಳ್ಳಿ. ಮೂಲೆ ನಾಲ್ಕೂ ಇನ್ನೂ ಬತ್ತಲೆ ಇವೆ.